ರೂಮು ತೆರೆದವ ಯಾರು? ಒಳಗೆ ಕೂತವ ಯಾರು?

ಮಂಗಳೂರು: ಸಂಜೆಯಾದರೆ ನಗರದ ಹುಡುಗರಿಗೆ ಈಗ ಬೇಕಾಗುವುದು ಮೈದಾನವಲ್ಲ, ಒಂದು ನಂಬರು. "ಐಡಿ ಹಾಕು ಮಾರಾಯಾ, ಪಾಸ್‌ವರ್ಡ್ ಎಂತ?" ಬಸ್ ಸ್ಟಾಪಿನಲ್ಲೂ ಇದೇ ಮಾತು, ಮನೆಯ ಜಗಲಿಯಲ್ಲೂ ಇದೇ ಮಾತು. ಏನೋ ಕಾಲೇಜಿನ ಕೆಲಸವಿರಬೇಕು ಎಂದು ಸುಮ್ಮನಾಗುವ ತಂದೆ-ತಾಯಂದಿರೂ ಉಂಟು. ಅಲ್ಲ ಸ್ವಾಮೀ, ಇದು ಬಂದೂಕಿನ ಆಟ!

ಕ್ರಮ ಇಷ್ಟೇ. ಒಬ್ಬ 'ಹೋಸ್ಟ್' ಆಗುತ್ತಾನೆ, ಅಂದರೆ ಆಟದ ಯಜಮಾನ. ಬಿಜಿಎಂಐಯಂಥ ಆಟದಲ್ಲಿ ರೂಮ್ ಕಾರ್ಡ್ ಬಳಸಿ ಖಾಸಗಿ ರೂಮು ತೆರೆಯುತ್ತಾನೆ. ನಕ್ಷೆ ಯಾವುದು, ಒಬ್ಬೊಬ್ಬರೇ ಕಾದಾಡುವುದೋ ನಾಲ್ವರ ತಂಡವೋ, ಎಲ್ಲಾ ಅವನ ನಿರ್ಧಾರ. ಐಡಿ, ಪಾಸ್‌ವರ್ಡ್ ವಾಟ್ಸ್ಯಾಪಿನಲ್ಲಿ ಹೋಯಿತೋ, ಸಿಕ್ಕಿದವರೆಲ್ಲ ಒಳಗೆ. 100 ಮಂದಿಯವರೆಗೂ ಜಾಗ ಉಂಟು. ಬೇಡವೆನಿಸಿದವನನ್ನು ಹೊರದಬ್ಬುವ ಅಧಿಕಾರವೂ ಯಜಮಾನನದ್ದೇ. ಆದರೆ ಆ ಯಜಮಾನನ ಮುಖ ಕಂಡವರೆಷ್ಟು ಮಂದಿ?

ಕೆಫೆಯ ಕಾಲ

2000ದ ದಶಕದ ಮಾತು ಬೇರೆ. ಅಂದು ಸೈಬರ್ ಕೆಫೆಗಳಲ್ಲಿ 'ಕೌಂಟರ್ ಸ್ಟ್ರೈಕ್' ಆಟದ ಭರಾಟೆ. ಒಂದು ಕಂಪ್ಯೂಟರಿನಲ್ಲಿ ಒಬ್ಬ ಆಟ ಶುರು ಮಾಡಿದರೆ, ಅದೇ ವಯರಿನ ಜಾಲದಲ್ಲಿದ್ದ ಉಳಿದವರು ಪಟ್ಟಿಯಲ್ಲಿ ಹೆಸರು ನೋಡಿ ಸೇರುತ್ತಿದ್ದರು. ಅದಕ್ಕೆ ಇಂಟರ್ನೆಟ್ಟೂ ಬೇಕಿರಲಿಲ್ಲ. ಗುಂಡು ಹೊಡೆದವ ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದ. ಮೋಸ ಮಾಡಿದರೆ ಅಲ್ಲೇ ಬೈಗುಳ. ಗಲಾಟೆ ಹೆಚ್ಚಾದರೆ ಮಾಲೀಕನೇ ಎದ್ದು ಬಂದು "ಸಾಕು, ಮನೆಗೆ ಹೋಗಿ" ಎನ್ನುತ್ತಿದ್ದ.

2011ರಲ್ಲಿ ಕೇಂದ್ರ ಸರ್ಕಾರ ಕೆಫೆಗಳಿಗೆ ನಿಯಮವನ್ನೂ ತಂದಿತು. ಗುರುತು ಚೀಟಿ ತೋರಿಸಬೇಕು, ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು, ಅಡ್ಡಗೋಡೆ ನಾಲ್ಕೂವರೆ ಅಡಿ ದಾಟಬಾರದು. ಒಟ್ಟಿನಲ್ಲಿ ಯಾರು ಯಾರೆಂದು ಕಾಣಬೇಕು. ಆದರೆ 2016ರಲ್ಲಿ ಜಿಯೋ ಬಂತು, 2018ರಲ್ಲಿ ಮೊಬೈಲಿಗೆ ಪಬ್ಜಿ ಬಂತು. ಆಟ ಜೇಬು ಸೇರಿತು. ರಿಜಿಸ್ಟರೂ ಹೋಯಿತು, ಮಾಲೀಕನೂ ಹೋದ.

ಉಳ್ಳಾಲದ ಪಾಠ

ಪಬ್ಜಿಯನ್ನು 2020ರ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳ ಪಟ್ಟಿಯಲ್ಲಿ ಸೇರಿಸಿ ಸರ್ಕಾರ ನಿಷೇಧಿಸಿತು. ಆಟ ನಿಂತಿತೇ? ಇಲ್ಲ. 2021ರ ಏಪ್ರಿಲ್ ಮೊದಲ ವಾರ ಉಳ್ಳಾಲದ ಕಡೆ 12 ವರ್ಷದ ಬಾಲಕನ ಶವ ಸಿಕ್ಕಿತು. ಸಿಕ್ಕಿಬಿದ್ದವನೂ ಹದಿಹರೆಯದ ಹುಡುಗನೇ. ಪೊಲೀಸರು ಅಂದು ಹೇಳಿದ್ದಿಷ್ಟು: ಬಾಲಕ ಯಾವಾಗಲೂ ಗೆಲ್ಲುತ್ತಿದ್ದ. ಇವನ ಹೆಸರಿನಲ್ಲಿ ಬೇರೆ ಯಾರೋ ಆಡುತ್ತಿದ್ದಾರೆಂಬ ಸಂಶಯ ಬಂತು. ಎದುರಾಎದುರು ಕೂತು ಆಡೋಣವೆಂಬ ಪಂಥವಾಯಿತು. ಆ ಆಟದ ಬೆನ್ನಿಗೆ ಜಗಳ, ಕಲ್ಲು, ಸಾವು.

ಎರಡು ಮನೆ ಹಾಳಾಯಿತು. ಮೂಲದಲ್ಲಿದ್ದದ್ದು ಒಂದೇ ಪ್ರಶ್ನೆ: ಆ ಕಡೆ ಕೂತವ ಯಾರು?

ತುಳುನಾಡಿಗೆ ಇದು ಹೊಸ ಕತೆಯೇನಲ್ಲ. ಸಿರಿಯ ಪಾಡ್ದನದಲ್ಲಿ ಅಬ್ಬಗ-ದಾರಗ ಅಕ್ಕತಂಗಿಯರು ಚೆನ್ನೆಮಣೆ ಆಡುತ್ತಾ ಜಗಳಕ್ಕೆ ಬಿದ್ದು, ಮಣೆಯೇ ಆಯುಧವಾಗಿ, ಇಬ್ಬರೂ ಇಲ್ಲವಾದರು. ಅಕ್ಕತಂಗಿಯರು ಚೆನ್ನೆಗೆ ಜೊತೆಯಾಗಿ ಕೂರಬಾರದೆಂಬ ಕಟ್ಟುಪಾಡು ಊರಲ್ಲಿ ಉಳಿಯಿತು. ಹಿರಿಯರು ಮಣೆ ಒಡೆಯಲಿಲ್ಲ, ಆಟ ಬಿಡಿಸಲಿಲ್ಲ. ಯಾರ ಎದುರು ಯಾರು ಕೂರಬೇಕೆಂದು ನೋಡಿಕೊಂಡರು.

ಹಣದ ರೂಮು

ಕಂಪೆನಿಯವರದ್ದೂ ನಿಯಮ ಉಂಟು. 2021ರಲ್ಲಿ ಬಿಜಿಎಂಐ ಬಂದಾಗ 18ರ ಕೆಳಗಿನವರಿಗೆ ದಿನಕ್ಕೆ 3 ಗಂಟೆ ಎಂದರು, ಪೋಷಕರ ಫೋನ್ ನಂಬರು ಕೇಳಿದರು. 2022ರ ಜುಲೈಯಲ್ಲಿ ಅದನ್ನು ಆ್ಯಪ್ ಅಂಗಡಿಗಳಿಂದ ತೆಗೆಸಲಾಯಿತು, 2023ರಲ್ಲಿ ಮರಳಿತು. ಆದರೆ ಅಪ್ಪನ ಫೋನಿನಲ್ಲಿ ಅಪ್ಪನ ಹೆಸರಿನಲ್ಲೇ ಆಡುವ ಮಗನನ್ನು ಯಂತ್ರ ಹೇಗೆ ಗುರುತಿಸೀತು?

ಇನ್ನೊಂದು ಹೊಂಡ, 'ಎಂಟ್ರಿ' ರೂಮು. ಇಪ್ಪತ್ತು-ಮೂವತ್ತು ರೂಪಾಯಿ ಫೋನಿನಲ್ಲೇ ಕಳಿಸು, ಗೆದ್ದರೆ ಇಷ್ಟು ಎಂಬ ಆಸೆ. ಆಟ ಮುಗಿದ ಮೇಲೆ ಯಜಮಾನ ನಾಪತ್ತೆಯಾದರೆ ಹುಡುಗ ಯಾರಲ್ಲಿ ಹೇಳಿಕೊಳ್ಳಬೇಕು? ಅಪ್ಪನಲ್ಲಿ ಹೇಳಿದರೆ ಪೆಟ್ಟು, ಹೇಳದಿದ್ದರೆ ಮತ್ತೊಂದು ರೂಮು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯಿದೆ, ಹಣ ಕಟ್ಟಿಸಿ ಹಣದಾಸೆ ತೋರುವ ಆನ್‌ಲೈನ್ ಆಟ ನಡೆಸುವುದನ್ನು ನಿಷೇಧಿಸುತ್ತದೆ. ಚಾತುರ್ಯದ ಆಟವೆಂಬ ನೆಪವೂ ನಡೆಯದು. 3 ವರ್ಷದವರೆಗೆ ಸಜೆ, 1 ಕೋಟಿಯವರೆಗೆ ದಂಡ. ಮಾನ್ಯತೆ ಪಡೆದ ಇ-ಸ್ಪೋರ್ಟ್ಸ್‌ನ ಮಾತು ಬೇರೆ.

ಫೋನು ಕಿತ್ತುಕೊಂಡರೆ ಹುಡುಗ ಗೆಳೆಯನ ಫೋನಿನಲ್ಲಿ ಆಡಿಯಾನು. ಅದಕ್ಕಿಂತ ಪಕ್ಕದಲ್ಲಿ ಕೂತು ಮೂರು ಮಾತು ಕೇಳುವುದು ಲೇಸು. ರೂಮು ಯಾರದ್ದು? ಒಳಗೆ ಪರಿಚಯದವರು ಎಷ್ಟು ಮಂದಿ? ಹಣ ಕೇಳಿದ್ದಾರಾ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಆಡಲಿ ಬಿಡಿ. ಬರದಿದ್ದರೆ ಆ ರೂಮಿನಿಂದ ಹುಡುಗನನ್ನು ಇಂದೇ ಎಬ್ಬಿಸಿ.