ಕಾರವಾರ ಜೈಲಿಗೂ ಪರಪ್ಪನ ಅಗ್ರಹಾರಕ್ಕೂ ಸಂಬಳ ಬೇರೆನಾ? ಕಾರಾಗೃಹ ಮೇಲ್ವಿಚಾರಕರ ವೇತನದ ಪೂರ್ತಿ ಲೆಕ್ಕ ಇಲ್ಲಿದೆ

ಮನ್ಮನೆ (ಸಿದ್ದಾಪುರ): ಸರ್ಕಾರಿ ನೌಕರಿ ಅಂದರೆ ಸಂಬಳ ಎಲ್ಲ ಕಡೆ ಒಂದೇ ಅಂತ ಕೆಲವರು ಹೇಳುತ್ತಾರೆ. ಬೆಂಗಳೂರಿಗೆ ಹಾಕಿಸಿಕೊಂಡರೆ ಸಂಬಳ ಜಾಸ್ತಿ ಅಂತ ಇನ್ನು ಕೆಲವರ ವಾದ. ಕಾರಾಗೃಹ ಇಲಾಖೆಯ ಮಟ್ಟಿಗೆ ಎರಡೂ ಅರ್ಧ ಸತ್ಯ. ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದಲ್ಲಿ ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು ಜೈಲು ವಾರ್ಡರ್ ಹುದ್ದೆಗೂ ಅರ್ಜಿ ಹಾಕುತ್ತಾರೆ. ಸೇರಿದ ಮೇಲೆ ಬಡ್ತಿ ಸಿಕ್ಕಿ ಮೇಲ್ವಿಚಾರಣೆ ಹುದ್ದೆಗೆ ಬಂದಾಗ ಎಲ್ಲಿದ್ದರೆ ಎಷ್ಟು, ಎಷ್ಟು ವರ್ಷಕ್ಕೆ ಎಷ್ಟು ಎಂಬುದು ಮನೆಯವರಿಗೂ ಗೊತ್ತಿದ್ದರೆ ಒಳ್ಳೆಯದು.

ಮೇಲ್ವಿಚಾರಕರು ಅಂದರೆ ಯಾರು?

ಇಲಾಖೆಯ ಪೂರ್ತಿ ಹೆಸರು ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ. ಇಲ್ಲಿ ಕಾವಲು ಕೆಲಸ ವೀಕ್ಷಕರದ್ದು. ಜನ ವಾರ್ಡರ್ ಅನ್ನುವುದು ಇವರಿಗೇ. ಇವರ ಪಾಳಿ ಹಂಚಿ, ಬ್ಯಾರಕ್ ಬೀಗ, ಕೈದಿಗಳ ಎಣಿಕೆ ನೋಡಿಕೊಳ್ಳುವವರು ಮುಖ್ಯ ವೀಕ್ಷಕರು. ಅವರ ಮೇಲೆ ಜೈಲರ್, ಸಹಾಯಕ ಅಧೀಕ್ಷಕ, ಅಧೀಕ್ಷಕ. ದೊಡ್ಡ ಕೇಂದ್ರ ಕಾರಾಗೃಹಕ್ಕೆ ಮುಖ್ಯ ಅಧೀಕ್ಷಕರು ಇರುತ್ತಾರೆ. ಹುದ್ದೆ ಮೇಲೆ ಹೋದಂತೆ ವೇತನ ಶ್ರೇಣಿಯೂ ಮೇಲೆ ಹೋಗುತ್ತದೆ. ಆದರೆ ಒಂದು ಹುದ್ದೆಗೆ ಇಡೀ ರಾಜ್ಯದಲ್ಲಿ ಒಂದೇ ಶ್ರೇಣಿ. ಕಾರವಾರದ ಜಿಲ್ಲಾ ಕಾರಾಗೃಹದ ಮುಖ್ಯ ವೀಕ್ಷಕರಿಗೂ ಪರಪ್ಪನ ಅಗ್ರಹಾರದ ಮುಖ್ಯ ವೀಕ್ಷಕರಿಗೂ ಸೇವೆ ಸಮ ಇದ್ದರೆ ಮೂಲ ವೇತನವೂ ಸಮ.

ಹಾಗಾದರೆ ವ್ಯತ್ಯಾಸ ಎಲ್ಲಿ?

ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ರಾಜ್ಯ ಏಳನೇ ವೇತನ ಆಯೋಗದ ಪಟ್ಟಿ 2024ರ ಆಗಸ್ಟ್ 1ರಿಂದ ಜಾರಿಯಾಗಿದೆ. ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಊರಿಂದ ಊರಿಗೆ ಬದಲಾಗುವುದು ಮುಖ್ಯವಾಗಿ ಮನೆ ಬಾಡಿಗೆ ಭತ್ಯೆ. ಅದು ಮೂರು ದರ್ಜೆ:

• ಜನಸಂಖ್ಯೆ 25 ಲಕ್ಷ ಮತ್ತು ಮೇಲ್ಪಟ್ಟ ನಗರ (ಬೆಂಗಳೂರು): ಮೂಲ ವೇತನದ ಶೇ 20
• 5ರಿಂದ 25 ಲಕ್ಷದೊಳಗಿನ ನಗರ (ಹುಬ್ಬಳ್ಳಿ-ಧಾರವಾಡ, ಮೈಸೂರು ಮುಂತಾದವು): ಶೇ 15
• ಉಳಿದ ಊರು (ಕಾರವಾರ, ಶಿರಸಿ, ಶಿವಮೊಗ್ಗ ಎಲ್ಲ ಇದರಲ್ಲೇ): ಶೇ 7.5

ಮೊದಲು ಇದು 24, 16, 8 ಇತ್ತು. ಶೇಕಡಾ ಇಳಿಯಿತಲ್ಲ ಅಂತ ಆಗ ಗೊಣಗಿದವರಿದ್ದರು. ಆದರೆ ಮೂಲ ವೇತನವೇ ಏರಿದ್ದರಿಂದ ಕೈಗೆ ಬರುವ ಬಾಡಿಗೆ ಭತ್ಯೆ ರೂಪಾಯಿ ಲೆಕ್ಕದಲ್ಲಿ ಕಡಿಮೆಯಾಗಿಲ್ಲ.

ಗಮನಿಸಬೇಕಾದ್ದು ಎರಡು. ಭತ್ಯೆ ನೋಡುವುದು ಕೆಲಸ ಮಾಡುವ ಊರನ್ನು, ಹೆಂಡತಿ ಮಕ್ಕಳು ಇರುವ ಊರನ್ನಲ್ಲ. ಇನ್ನೊಂದು, ಸರ್ಕಾರಿ ಕ್ವಾರ್ಟರ್ಸ್ ಸಿಕ್ಕರೆ ಬಾಡಿಗೆ ಭತ್ಯೆ ಇಲ್ಲ.

ಲೆಕ್ಕ ಹಾಕಿ ನೋಡೋಣ

ಪೊಲೀಸ್ ಕಾನ್‌ಸ್ಟೆಬಲ್‌ಗೆ ಈಗಿನ ಶ್ರೇಣಿ 37,500–76,100. ಮೇಲ್ವಿಚಾರಕರ ಶ್ರೇಣಿ ಹುದ್ದೆ ಪ್ರಕಾರ ಬೇರೆ. ಆದರೂ ವ್ಯತ್ಯಾಸ ತಿಳಿಯಲು ಎಲ್ಲರಿಗೂ ಗೊತ್ತಿರುವ ಈ ಶ್ರೇಣಿಯನ್ನೇ ಉದಾಹರಣೆಗೆ ಹಿಡಿಯಬಹುದು. ಇದರಲ್ಲಿ ಹತ್ತು ವಾರ್ಷಿಕ ಇಂಕ್ರಿಮೆಂಟ್ ಮುಗಿದಾಗ ಮೂಲ ವೇತನ 47,800 ಆಗುತ್ತದೆ. 2025ರ ಜುಲೈ 1ರಿಂದ ಅನ್ವಯವಾದ ಶೇ 14.25ರ ತುಟ್ಟಿಭತ್ಯೆ ಸೇರಿಸಿದರೆ 6,811 ರೂ. ಇಷ್ಟು ಎಲ್ಲ ಊರಿಗೂ ಒಂದೇ. ಬಾಡಿಗೆ ಭತ್ಯೆ ಸೇರಿಸಿದಾಗ ಮಾತ್ರ ಬೇರೆಯಾಗುತ್ತದೆ:

• ಕಾರವಾರ: ಬಾಡಿಗೆ ಭತ್ಯೆ 3,585, ಒಟ್ಟು ಸುಮಾರು 58,200
• ಧಾರವಾಡ: 7,170, ಒಟ್ಟು ಸುಮಾರು 61,800
• ಬೆಂಗಳೂರು: 9,560, ಒಟ್ಟು ಸುಮಾರು 64,200

ಅಂದರೆ ಕಾರವಾರಕ್ಕೂ ಬೆಂಗಳೂರಿಗೂ ತಿಂಗಳಿಗೆ 6 ಸಾವಿರದ ಹತ್ತಿರ ವ್ಯತ್ಯಾಸ. ಬೆಂಗಳೂರಲ್ಲಿ ಸಂಸಾರ ಹೂಡಲು 9,560 ರೂಪಾಯಿಗೆ ಎಂಥ ಮನೆ ಸಿಗುತ್ತದೆ ಅಂತ ಅಲ್ಲಿ ಇದ್ದು ಬಂದವರನ್ನು ಕೇಳಿದರೆ ಸಾಕು. ದೊಡ್ಡ ನಗರದಲ್ಲಿ ಹೆಚ್ಚು ಸಿಕ್ಕ ದುಡ್ಡು ಬಾಡಿಗೆಗೇ ಸರಿ.

ಯಲ್ಲಾಪುರದವರಿಗೆ ಧಾರವಾಡದ ಕೇಂದ್ರ ಕಾರಾಗೃಹ ಹತ್ತಿರ, ಭತ್ಯೆಯೂ ಕಾರವಾರದ ಎರಡು ಪಟ್ಟು. ಸಿದ್ದಾಪುರದವರಿಗೆ ಶಿವಮೊಗ್ಗ ಅನುಕೂಲ, ಆದರೆ ಅಲ್ಲಿ ಶೇ 7.5 ಅಷ್ಟೇ. ಶಿವಮೊಗ್ಗದ್ದು ಕೇಂದ್ರ ಕಾರಾಗೃಹ, ಕಾರವಾರದ್ದು ಜಿಲ್ಲಾ ಕಾರಾಗೃಹ. ಜೈಲು ದೊಡ್ಡದು ಅಂತ ಬಾಡಿಗೆ ಭತ್ಯೆ ಹೆಚ್ಚಾಗುವುದಿಲ್ಲ, ಊರು ದೊಡ್ಡದಿರಬೇಕು.

ಅನುಭವದ ತೂಕ ಹೆಚ್ಚು

ಈಗ ಊರು ಬದಲಿಸದೆ ವರ್ಷ ಬದಲಿಸಿ ನೋಡಿ. ಅದೇ ಶ್ರೇಣಿ, ಅದೇ ಕಾರವಾರ:

• ಹೊಸದಾಗಿ ಸೇರಿದಾಗ: ಮೂಲ ವೇತನ 37,500, ಭತ್ಯೆ ಸೇರಿ ಸುಮಾರು 45,650
• 10 ಇಂಕ್ರಿಮೆಂಟ್ ನಂತರ: ಮೂಲ ವೇತನ 47,800, ಒಟ್ಟು ಸುಮಾರು 58,200
• 20 ಇಂಕ್ರಿಮೆಂಟ್ ನಂತರ: ಮೂಲ ವೇತನ 61,300, ಒಟ್ಟು ಸುಮಾರು 74,600

ಇಪ್ಪತ್ತು ವರ್ಷದ ಸೇವೆ ತರುವ ವ್ಯತ್ಯಾಸ 29 ಸಾವಿರದ ಹತ್ತಿರ. ಊರು ತರುವುದು 6 ಸಾವಿರ. ಇಂಕ್ರಿಮೆಂಟ್ ಮೊತ್ತವೂ ಹೋಗ್ತಾ ಹೋಗ್ತಾ ದೊಡ್ಡದಾಗುತ್ತದೆ. ಈ ಶ್ರೇಣಿಯಲ್ಲಿ ಶುರುವಿಗೆ ವರ್ಷಕ್ಕೆ 900 ಇದ್ದದ್ದು 58,300 ದಾಟುವಾಗ 1,500.

ಇದಲ್ಲದೆ ಬಡ್ತಿ ಸಿಗದೆ ಒಂದೇ ಹುದ್ದೆಯಲ್ಲಿ ಉಳಿದವರಿಗೆ 10 ವರ್ಷಕ್ಕೆ ಕಾಲಮಿತಿ ವೇತನ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, ಮುಂದೆ 20, 25, 30 ವರ್ಷಕ್ಕೆ ಹೆಚ್ಚುವರಿ ಇಂಕ್ರಿಮೆಂಟ್ ಇದೆ. ಮೇಲಿನ ಲೆಕ್ಕದಲ್ಲಿ ಇವು ಸೇರಿಲ್ಲ.

‘ಬಡ್ತಿ ಬಂತು, ಸಂಬಳ ಏರಲಿಲ್ಲ’ ಯಾಕೆ?

ಕಾಲಮಿತಿ ಬಡ್ತಿಯಲ್ಲಿ ಹುದ್ದೆ ಹಳೆಯದೇ ಇದ್ದರೂ ವೇತನ ಶ್ರೇಣಿ ಮೇಲಿನದು ಸಿಗುತ್ತದೆ. ಆಮೇಲೆ ನಿಜವಾದ ಬಡ್ತಿ ಬಂದಾಗ, ಆ ಹುದ್ದೆಯ ಶ್ರೇಣಿಯಲ್ಲಿ ಅವರು ಆಗಲೇ ಇರುತ್ತಾರೆ. ಹಾಗಾಗಿ ಕೈಗೆ ಬರುವ ಹೆಚ್ಚಳ ಸಣ್ಣದು. ಹೆಗಲ ಮೇಲಿನ ಪಟ್ಟಿ, ಜವಾಬ್ದಾರಿ ಮಾತ್ರ ದೊಡ್ಡದು. ಜೊತೆಗೆ ವರ್ಗಾವಣೆಯೂ ಬರಬಹುದು. ತೋಟ, ವಯಸ್ಸಾದ ಅಪ್ಪ ಅಮ್ಮ, ಮಕ್ಕಳ ಶಾಲೆ ಎಲ್ಲ ಇಲ್ಲಿ, ಕೆಲಸ ದೂರದ ಜೈಲಲ್ಲಿ ಅಂತಾದರೆ ಎರಡು ಕಡೆ ಸಂಸಾರದ ಖರ್ಚು ಬೀಳುತ್ತದೆ. ಹಾಗಂತ ಬಡ್ತಿ ಬೇಡ ಅಂತ ಬರೆದುಕೊಡುವ ಮೊದಲು, ಅದರಿಂದ ಮುಂದಿನ ಕಾಲಮಿತಿ ಸೌಲಭ್ಯಕ್ಕೆ ಹೊಡೆತ ಬೀಳುತ್ತದೆಯೇ ಅಂತ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಜವಾಬ್ದಾರಿ ಎಂಥದ್ದು ಅನ್ನುವುದಕ್ಕೆ 2024ರ ಆಗಸ್ಟ್ ಸಾಕ್ಷಿ. ಪರಪ್ಪನ ಅಗ್ರಹಾರದಲ್ಲಿ ವಿಚಾರಣಾಧೀನ ಕೈದಿಯಾಗಿದ್ದ ನಟರೊಬ್ಬರು ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿ ಕೂತ ಫೋಟೊ ಹೊರಬಂತು. ಜೈಲಿನ ಹಲವು ಅಧಿಕಾರಿ, ಸಿಬ್ಬಂದಿ ಅಮಾನತಾದರು. ಅಮಾನತು ಅಂದರೆ ಪೂರ್ತಿ ಸಂಬಳವಿಲ್ಲ, ಜೀವನಾಧಾರ ಭತ್ಯೆ ಮಾತ್ರ. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಕೈದಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಅನ್ನುತ್ತದೆ. ಕೈದಿಗಳು ತುಂಬಿ ತುಳುಕುವ ಜೈಲಿನ ಮೇಲ್ವಿಚಾರಕರಿಗೂ ಸಣ್ಣ ಜೈಲಿನವರಿಗೂ ಕೆಲಸದ ಒತ್ತಡ ಒಂದೇ ಅಲ್ಲ. ಮೂಲ ವೇತನ ಮಾತ್ರ ಒಂದೇ.

ಗಡಿ ದಾಟಿದರೆ ಬೇರೆ ಲೆಕ್ಕ

ಸಂವಿಧಾನದ ಪ್ರಕಾರ ಜೈಲು ರಾಜ್ಯ ಪಟ್ಟಿಯ ವಿಷಯ. ಆದ್ದರಿಂದ ರಾಜ್ಯ ಬದಲಾದರೆ ಸಂಬಳವೂ ಬದಲು. ಕಾರವಾರದಾಚೆಯ ಗೋವಾದಲ್ಲಿ ಕೇಂದ್ರದ ಏಳನೇ ವೇತನ ಆಯೋಗದ ಪಟ್ಟಿ ನಡೆಯುತ್ತದೆ. ಕೇಂದ್ರದ ತುಟ್ಟಿಭತ್ಯೆ 2025ರ ಜುಲೈಗೆ ಶೇ 58, ನಮ್ಮದು ಶೇ 14.25. ಅದನ್ನು ನೋಡಿ ಅಲ್ಲಿಯವರಿಗೆ ನಾಲ್ಕು ಪಟ್ಟು ಅಂದುಕೊಳ್ಳಬಾರದು. ಕೇಂದ್ರದ ಮೂಲ ವೇತನ 2016ರ ಲೆಕ್ಕದ್ದು. ನಮ್ಮದರಲ್ಲಿ 2022ರ ಜುಲೈವರೆಗಿನ ಶೇ 31 ತುಟ್ಟಿಭತ್ಯೆಯನ್ನು ಮೂಲ ವೇತನದೊಳಗೇ ಸೇರಿಸಿ ಆಗಿದೆ.

ಇಂಗ್ಲೆಂಡ್‌ನಲ್ಲಿ ಲಂಡನ್ ಒಳಗಿನ ಮತ್ತು ಸುತ್ತಲಿನ ಜೈಲು ಅಧಿಕಾರಿಗಳಿಗೆ ಉಳಿದ ಕಡೆಗಿಂತ ಹೆಚ್ಚಿನ ವೇತನ ದರವೇ ಇದೆ. ಅಮೆರಿಕದಲ್ಲಿ ಒಂದೊಂದು ರಾಜ್ಯ ಒಂದೊಂದು ದರ ಕಟ್ಟುತ್ತದೆ. ಕ್ಯಾಲಿಫೋರ್ನಿಯಾದ ಜೈಲು ಮೇಲ್ವಿಚಾರಕರ ಸರಾಸರಿ ಸಂಬಳ ಮಿಸಿಸಿಪ್ಪಿಯವರ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ಊರು ದೊಡ್ಡ ವಿಷಯ, ಇಲ್ಲಿ ಸೇವಾ ವರ್ಷ.

ಜಾಮೀನು ಹಾಕುವವರು, ಸಾಲ ಕೊಡುವವರು ನೋಡಬೇಕಾದ್ದು

ಸೊಸೈಟಿ ಸಾಲಕ್ಕೆ ಜಾಮೀನು ಹಾಕುವಾಗ, ಅಂಗಡಿಯಲ್ಲಿ ಕಂತಿನ ಮೇಲೆ ಸಾಮಾನು ಕೊಡುವಾಗ ಒಟ್ಟು ಸಂಬಳ ನೋಡಿ ಮೋಸ ಹೋಗಬೇಡಿ. 2006ರ ಏಪ್ರಿಲ್ 1ರ ನಂತರ ಸೇರಿ ಎನ್‌ಪಿಎಸ್‌ನಲ್ಲಿ ಇರುವವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಡಿತವಾಗುತ್ತದೆ. ಕಾರವಾರದ 58,200ರ ಉದಾಹರಣೆಯಲ್ಲಿ ಅದೇ 5,461 ರೂಪಾಯಿ. ವೃತ್ತಿ ತೆರಿಗೆ 200. ಅಲ್ಲಿಗೆ ಕೈಗೆ ಉಳಿಯುವುದು 52,500 ಚಿಲ್ಲರೆ. ಕೆಜಿಐಡಿ ವಿಮೆ, ಹಳೆ ಸಾಲದ ಕಂತು ಇನ್ನೂ ಬೇರೆ.

ಹಾಗಾಗಿ ಎಚ್‌ಆರ್‌ಎಂಎಸ್ ಸಂಬಳ ಸ್ಲಿಪ್‌ನಲ್ಲಿ ಈ ನಾಲ್ಕು ಸಾಲು ಓದಿ:

1. ಮೂಲ ವೇತನ ಮತ್ತು ಶ್ರೇಣಿ. ಸೇವಾ ವರ್ಷ ಇದರಲ್ಲಿ ಗೊತ್ತಾಗುತ್ತದೆ.
2. ಮನೆ ಬಾಡಿಗೆ ಭತ್ಯೆ. ವರ್ಗವಾಗಿ ಸಣ್ಣ ಊರಿಗೆ ಬಂದರೆ ಇದು ಇಳಿಯುತ್ತದೆ.
3. ಎನ್‌ಪಿಎಸ್ ಮತ್ತು ವಿಮೆ ಕಡಿತ.
4. ಎಲ್ಲ ಕಳೆದು ಉಳಿಯುವ ನಿವ್ವಳ ವೇತನ.

ಹೊಸದಾಗಿ ಅರ್ಜಿ ಹಾಕುವವರೂ ಅಧಿಸೂಚನೆಯಲ್ಲಿ ಶ್ರೇಣಿಯ ಮೊದಲ ಅಂಕಿ ನೋಡಿ ಲೆಕ್ಕ ಹಾಕಿಕೊಳ್ಳಬೇಕು, ಕೊನೆಯ ಅಂಕಿ ನೋಡಿ ಅಲ್ಲ. ಕೊನೆಯ ಅಂಕಿಗೆ ತಲುಪಲು ಒಂದು ಆಯುಷ್ಯದ ನೌಕರಿ ಬೇಕು.