ಆರ್ಡರ್ ಬಂತು ಅಂದ್ರೆ ದುಡ್ಡು ಬಂತು ಅಂತಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನ ನಾಲ್ವರು ಸೇರಿ ಒಂದು ಸಾಹಸ ಮಾಡಿದೆವು. ತಲಾ 3,000 ರೂಪಾಯಿ ಹಾಕಿ, ಒಟ್ಟು 12,000ಕ್ಕೆ ಒಂದು ಸಣ್ಣ ಕಂಪನಿಯ ಷೇರು ಕೊಂಡೆವು. ಹೆಸರು ಬೇಡ ಬಿಡಿ. ಕಾರಣ ಒಂದೇ: ‘ಸರ್ಕಾರದಿಂದ ಭಾರಿ ಆರ್ಡರ್’ ಅನ್ನೋ ಸುದ್ದಿ. ಮೂರು ತಿಂಗಳಲ್ಲಿ ಆ ದುಡ್ಡು 8,000ಕ್ಕೆ ಇಳಿಯಿತು. ನಮ್ಮಲ್ಲೊಬ್ಬ ಹಾಕಿದ್ದು ಎಕ್ಸಾಂ ಫೀಸಿನ ದುಡ್ಡು ಅಂತ ಗೊತ್ತಾಗಿದ್ದು ಆಗಲೇ. ಉಳಿದವರು ಕೂಡಿ ಅವನ ಫೀಸ್ ಕಟ್ಟಿದೆವು. ಆಮೇಲೆ ಕೂತು ಓದಿದೆವು, ಆರ್ಡರ್ ಸಿಕ್ಕ ಮೇಲೂ ಷೇರು ಯಾಕೆ ಬಿತ್ತು ಅಂತ. ಯಾವ ಷೇರು ಕೊಳ್ಳಬೇಕು ಅಂತ ಹೇಳೋ ಲೇಖನ ಇದಲ್ಲ. ಆ ಯೋಗ್ಯತೆ ನಮಗಿಲ್ಲ ಅನ್ನೋದಕ್ಕೆ ಮೇಲಿನ ಲೆಕ್ಕವೇ ಸಾಕ್ಷಿ.

ಮೊದಲು ತಿಳಿದದ್ದು: ‘ಆರ್ಡರ್’ ಅನ್ನೋದು ಒಂದು ದಿನದಲ್ಲಿ ಆಗೋ ಸಂಗತಿ ಅಲ್ಲ. ಟೆಂಡರ್‌ನಲ್ಲಿ ಎಲ್ಲರಿಗಿಂತ ಕಡಿಮೆ ದರ ಬರೆದವರು ಎಲ್-1. ಅದು ಇನ್ನೂ ಆರ್ಡರ್ ಅಲ್ಲ, ಟೆಂಡರೇ ರದ್ದಾಗಬಹುದು. ಆಮೇಲೆ ಲೆಟರ್ ಆಫ್ ಅವಾರ್ಡ್, ಬ್ಯಾಂಕ್ ಗ್ಯಾರಂಟಿ, ಕರಾರಿಗೆ ಸಹಿ, ಕೆಲಸ ಶುರು, ಅಳತೆ, ಬಿಲ್ಲು. ನಾವು ಕೊಂಡ ಕಂಪನಿ ಬರೀ ಎಲ್-1 ಆಗಿತ್ತು. ಸುದ್ದಿಯ ತಲೆಬರಹದಲ್ಲಿ ಅದೇ ‘ಆರ್ಡರ್’ ಆಗಿ ಕೂತಿತ್ತು.

ದೊಡ್ಡ ಗುತ್ತಿಗೆ ಹೇಗೆ ನಡೆಯುತ್ತೆ ಅಂತ ನೋಡೋಕೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ಗಿಂತ ಒಳ್ಳೆ ಉದಾಹರಣೆ ಸಿಗಲಿಲ್ಲ. 97 ತೇಜಸ್ ಎಂಕೆ-1ಎ ವಿಮಾನಗಳ ಎರಡನೇ ಗುತ್ತಿಗೆ ತಗೊಳ್ಳಿ. ರಕ್ಷಣಾ ಖರೀದಿ ಮಂಡಳಿ ಇದಕ್ಕೆ ಮೊದಲ ಒಪ್ಪಿಗೆ ಕೊಟ್ಟದ್ದು 2023ರ ನವೆಂಬರ್‌ನಲ್ಲಿ. ಸಂಪುಟ ಸಮಿತಿ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. 62,370 ಕೋಟಿ ರೂಪಾಯಿಯ ಕರಾರಿಗೆ ಸಹಿ ಬಿದ್ದದ್ದು ಸೆಪ್ಟೆಂಬರ್ 25ಕ್ಕೆ. ಒಂದೇ ಆರ್ಡರ್ ಮೂರು ಸಲ ಸುದ್ದಿಯಾಯಿತು. ಸಹಿಯ ದಿನ ಪೇಪರ್ ನೋಡಿ ಓಡಿದವನಿಗಿಂತ ಮುಂಚೆ ಬೇರೆಯವರು ಎರಡು ವರ್ಷದಿಂದ ಆ ಲೆಕ್ಕ ಹಾಕಿ ಕೂತಿರ್ತಾರೆ. ವಿಮಾನ ಕೊಡೋಕೆ ಶುರು ಮಾಡೋದು 2027-28ರಲ್ಲಿ.

ಇನ್ನು ತಡದ ಕಥೆ. 83 ವಿಮಾನಗಳ ಮೊದಲ ಗುತ್ತಿಗೆಗೆ 2021ರ ಫೆಬ್ರವರಿಯಲ್ಲಿ, ಯಲಹಂಕದ ಏರೋ ಇಂಡಿಯಾದಲ್ಲೇ ಮುದ್ರೆ ಬಿತ್ತು. ಮೊತ್ತ ಸುಮಾರು 48,000 ಕೋಟಿ. 2024ರ ಮಾರ್ಚ್‌ಗೆ ಮೊದಲ ವಿಮಾನ ಕೊಡಬೇಕಿತ್ತು. ಆದರೆ ವಿಮಾನಕ್ಕೆ ಬೇಕಾದ ಎಫ್-404 ಎಂಜಿನ್ ಬರೋದು ಅಮೆರಿಕದ ಜಿಇ ಕಂಪನಿಯಿಂದ. 2021ರ ಆಗಸ್ಟ್‌ನಲ್ಲಿ 99 ಎಂಜಿನ್‌ಗೆ 71.6 ಕೋಟಿ ಡಾಲರ್‌ನ ಒಪ್ಪಂದ ಆಯಿತು. ಆ ಮಾದರಿಯ ಉತ್ಪಾದನಾ ಲೈನ್ ಕೆಲವು ವರ್ಷ ನಿಂತೇ ಹೋಗಿತ್ತು, ಅದನ್ನು ಮತ್ತೆ ಎಬ್ಬಿಸಬೇಕಾಯಿತು. ಮೊದಲ ಎಂಜಿನ್ ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ, ಅಂದರೆ ವಿಮಾನ ಕೊಡೋ ಗಡುವು ಕಳೆದು ಒಂದು ವರ್ಷಕ್ಕೆ! ಏರ್‌ಫ್ರೇಮ್ ಎಷ್ಟೇ ಚೆನ್ನಾಗಿ ರೆಡಿ ಇದ್ದರೂ ಬಿಲ್ಲು ಓಡೋದು ಡೆಲಿವರಿ ಜೊತೆಗೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲಿ ಕ್ರಿಟಿಕಲ್ ಪಾತ್ ಅಂತ ಮಾರ್ಕ್ಸಿಗೆ ಓದಿದ್ದೆವಲ್ಲ, ಇದೇ ಅದು.

ಇದೇ ಕಾರಣಕ್ಕೆ ಆರ್ಡರ್ ಬುಕ್ ಅನ್ನೋ ಸಂಖ್ಯೆ ಕಣ್ಣು ಕುಕ್ಕಿಸುತ್ತೆ. 2025ರ ಮಾರ್ಚ್ ಕೊನೆಗೆ ಎಚ್‌ಎಎಲ್ ಕೈಯಲ್ಲಿ 1.8 ಲಕ್ಷ ಕೋಟಿಗೂ ಹೆಚ್ಚಿನ ಆರ್ಡರ್ ಇತ್ತು. ಆ ವರ್ಷದ ಆದಾಯ ಸುಮಾರು 30,000 ಕೋಟಿ. ಹಿಂದಿನ ವರ್ಷವೂ ಹೆಚ್ಚುಕಮ್ಮಿ ಅಷ್ಟೇ. ಭಾಗಿಸಿದರೆ ಆರು ವರ್ಷದ ಕೆಲಸ. ಇದನ್ನು ‘ಆರು ವರ್ಷ ಊಟಕ್ಕೆ ಚಿಂತೆಯಿಲ್ಲ’ ಅಂತಲೂ ಓದಬಹುದು, ‘ಅಡುಗೆ ನಿಧಾನ’ ಅಂತಲೂ ಓದಬಹುದು. ನಮ್ಮಲ್ಲಿ ಇದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ.

ಎಚ್‌ಎಎಲ್‌ನಂಥ ದೊಡ್ಡ ಕಂಪನಿ ತಡವನ್ನು ತಡೆದುಕೊಳ್ಳುತ್ತೆ, ಅದಕ್ಕೆ ಸರ್ಕಾರದಿಂದ ಮುಂಗಡವೂ ಬರುತ್ತೆ. ರಸ್ತೆ, ಪೈಪ್‌ಲೈನ್ ಕೆಲಸದ ಸಣ್ಣ ಕಂಪನಿಯ ಪಾಡು ಬೇರೆ. ಬ್ಯಾಂಕ್ ಗ್ಯಾರಂಟಿಗೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತೆ. ಕಬ್ಬಿಣ, ಸಿಮೆಂಟು ಮೊದಲೇ ಕೊಳ್ಳಬೇಕು. ಕರಾರಿನಲ್ಲಿ ಬೆಲೆ ಏರಿಕೆಯ ಷರತ್ತು ಇಲ್ಲದಿದ್ದರೆ ಏರಿದ ದರ ಅವರ ತಲೆಗೇ. ಬಿಲ್ಲು ಬಾಕಿ ಅಂತ ಗುತ್ತಿಗೆದಾರರು ಗೋಳಾಡೋದು ನಮ್ಮ ರಾಜ್ಯದ ಪೇಪರುಗಳಲ್ಲಿ ಹೊಸದೇನಲ್ಲ. ಎಲ್-1 ಆಗಲೇಬೇಕು ಅಂತ ದರ ಇಳಿಸಿದವರಿಗೆ ಗೆದ್ದ ಟೆಂಡರೇ ಹೊರೆ. ಹೀಗಾಗಿ ಕಾಗದದಲ್ಲಿ ಲಾಭ ಇದ್ದರೂ ವಾರ್ಷಿಕ ವರದಿಯ ಕ್ಯಾಶ್ ಫ್ಲೋ ಪುಟದಲ್ಲಿ ದುಡ್ಡು ಹೊರಗೇ ಹೋಗ್ತಿರುತ್ತೆ. ನಮ್ಮ ಕಂಪನಿಯ ಆ ಪುಟವನ್ನು ನಾವು ತೆರೆದದ್ದು ಷೇರು ಕೊಂಡು ಮೂರು ತಿಂಗಳಿಗೆ.

ಅವಕಾಶ ಇಲ್ಲವೇ ಇಲ್ಲ ಅಂತಲ್ಲ. ಸರ್ಕಾರ ಅನ್ನೋ ಗಿರಾಕಿ ತಡ ಮಾಡಬಹುದು, ಅಂಗಡಿ ಮುಚ್ಚಿ ಓಡಿಹೋಗಲ್ಲ. ವಿಮಾನ ಮಾರಿದ ಮೇಲೂ ದಶಕಗಳ ಕಾಲ ಬಿಡಿಭಾಗ, ರಿಪೇರಿ, ಓವರ್‌ಹಾಲ್ ಇರುತ್ತೆ. ಎಚ್‌ಎಎಲ್‌ನ ಆದಾಯದಲ್ಲಿ ದೊಡ್ಡ ಪಾಲು ಇವತ್ತಿಗೂ ಅದೇ. 97 ವಿಮಾನಗಳ ಕೆಲಸದಲ್ಲಿ ಸುಮಾರು 105 ಭಾರತೀಯ ಕಂಪನಿಗಳು ಬಿಡಿಭಾಗ ಮಾಡ್ತಿವೆ. 2025ರ ಮಾರ್ಚ್‌ನಲ್ಲಿ ಸಹಿಯಾದ 62,700 ಕೋಟಿಯ 156 ಪ್ರಚಂಡ ಹೆಲಿಕಾಪ್ಟರ್‌ಗಳು ತಯಾರಾಗೋದು ಬೆಂಗಳೂರು ಮತ್ತು ತುಮಕೂರಿನಲ್ಲಿ. ಮೆಕ್ಯಾನಿಕಲ್‌ನವರಾದ ನಮಗೆ ಷೇರಿಗಿಂತ ಅಲ್ಲಿನ ಕೆಲಸದ ಮೇಲೇ ಆಸೆ ಜಾಸ್ತಿ.

ಈಗ ಆರ್ಡರ್ ಸುದ್ದಿ ಬಂದರೆ ನಾವು ಮೊದಲು ಬಿಎಸ್‌ಇ, ಎನ್‌ಎಸ್‌ಇ ಜಾಲತಾಣದಲ್ಲಿ ಆ ಕಂಪನಿ ಕೊಟ್ಟ ಪತ್ರ ಓದ್ತೀವಿ. ಮಹತ್ವದ ಆರ್ಡರ್‌ನ ವಿವರವನ್ನು ಅಲ್ಲಿ ಕೊಡಬೇಕು ಅಂತ ಸೆಬಿ ನಿಯಮವೇ ಇದೆ. ಎಲ್-1ಆ, ಸಹಿಯಾಗಿದೆಯಾ, ಎಷ್ಟು ವರ್ಷದಲ್ಲಿ ಮುಗಿಸಬೇಕು ಅಂತ ಎರಡು ಪುಟದಲ್ಲಿ ಗೊತ್ತಾಗುತ್ತೆ.

ಅಂದಹಾಗೆ ಆ ಷೇರು ಇನ್ನೂ ನಮ್ಮ ಹತ್ತಿರವೇ ಇದೆ. ಕರಾರಿಗೆ ಸಹಿ ಬಿತ್ತಾ ಅಂತ ವಾರಕ್ಕೊಮ್ಮೆ ನೋಡ್ತೀವಿ. ಈ ಲೇಖನ ಕಳಿಸೋ ಹೊತ್ತಿಗೆ ಬಿದ್ದಿರಲಿಲ್ಲ.