ಚೋಟಾ ಹಾಥಿಗೆ ಕಡಿಮೆ ಖರ್ಚಿನ ತರಕಾರಿ ರ‍್ಯಾಕ್: ಕಟ್ಟೋದು ಹೇಗೆ, ಎಷ್ಟು ತುಂಬಬೇಕು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಕಲಬುರಗಿ ಮಾರ್ಕೆಟ್‌ಗೆ 40ರಿಂದ 60 ಕಿ.ಮೀ. ದಾರಿ. ಬೆಳಗಿನ ಜಾವ ಹೊಲದಾಗ ಚೆಂದ ಇದ್ದ ಬದನೆ, ಟೊಮೆಟೊ, ಮೆಂತ್ಯ ಅಲ್ಲಿ ಮುಟ್ಟೋ ಹೊತ್ತಿಗೆ ಅರ್ಧ ಜಜ್ಜಿ, ಅರ್ಧ ಬಾಡಿರ್ತದೆ. ಗೋಣಿಚೀಲದ ಮೇಲೆ ಗೋಣಿಚೀಲ ಒಟ್ಟಿದರೆ ಕೆಳಗಿನ ಚೀಲದ ಗತಿ ಏನಾಗ್ತದೆ ಅಂತ ನಿಮಗೇ ಗೊತ್ತು. ಆಮೇಲೆ ಗಿರಾಕಿ ಒಳ್ಳೇದು ಆರಿಸಿಕೊಂಡು ಹೋಗ್ತಾನೆ, ಉಳಿದಿದ್ದನ್ನ ಕೇಳಿದ ರೇಟಿಗೆ ಕೊಡಬೇಕು. ಸಾವಯವ ಅಂತ ನಾಲ್ಕು ರೂಪಾಯಿ ಹೆಚ್ಚಿಗೆ ಕೇಳೋರಿಗಂತೂ ಮಾಲು ನೋಡೋಕೆ ಚೆಂದ ಇರಲೇಬೇಕು.

ಇದಕ್ಕೆ ಪರಿಹಾರ ಗಾಡಿಯೊಳಗೆ ಒಂದು ರ‍್ಯಾಕ್. ಆದರೆ ಒಂದು ಮಾತು ಮೊದಲೇ ತಲೆಯಲ್ಲಿ ಇಟ್ಟುಕೊಳ್ರಿ: ರ‍್ಯಾಕ್ ಇರೋದು ಹೆಚ್ಚು ಮಾಲು ತುಂಬೋಕೆ ಅಲ್ಲ, ತುಂಬಿದ ಮಾಲು ತುಂಬಿದ ಹಾಗೇ ಇಳಿಸೋಕೆ. ಈ ಲೆಕ್ಕ ತಪ್ಪಿದರೆ ಮಾಲೂ ಹೋಗ್ತದೆ, ಗಾಡಿಯ ಪಾಟಾನೂ ಹೋಗ್ತದೆ.

ಮೊದಲು ಅಳತೆ, ಆಮೇಲೆ ಕಬ್ಬಿಣ

ನೇರ ಕಬ್ಬಿಣದ ಅಂಗಡಿಗೆ ಹೋಗಬ್ಯಾಡ್ರಿ. ಮೊದಲು ಎರಡು ವಸ್ತು ತಗೊಳ್ರಿ: ಒಂದು ಅಳತೆ ಟೇಪು, ಒಂದು ಗಾಡಿಯ ಆರ್‌ಸಿ.

ಇಲ್ಲಿ ಟಾಟಾ ಏಸ್, ಅಂದರೆ ಚೋಟಾ ಹಾಥಿಯನ್ನ ಉದಾಹರಣೆಗೆ ಹಿಡಿದಿದ್ದೇನೆ. ಇದರ ಡಾಲಾ ಸಾಮಾನ್ಯವಾಗಿ 220 ಸೆಂ.ಮೀ. ಉದ್ದ, 149 ಸೆಂ.ಮೀ. ಅಗಲ, ಬದಿಯ ಪಟ್ಟಿ 30 ಸೆಂ.ಮೀ. ಎತ್ತರ. ಮಾರ್ಕೆಟ್‌ನಲ್ಲಿ ಹೆಚ್ಚು ಓಡಾಡೋ ಪ್ಲಾಸ್ಟಿಕ್ ಕ್ರೇಟ್ 54 ಸೆಂ.ಮೀ. ಉದ್ದ, 36 ಅಗಲ, 29 ಎತ್ತರ. ಮಾಡೆಲ್ ಪ್ರಕಾರ ಗಾಡಿಯ ಅಳತೆ ಬದಲಾಗ್ತದೆ, ಕ್ರೇಟೂ ಕಂಪನಿಗೊಂದು ಥರ. ಹಾಗಾಗಿ ನಿಮ್ಮದನ್ನ ನೀವೇ ಅಳೆದು ನೋಡ್ರಿ. ಕ್ರೇಟಿನ ಅಳತೆಗೆ ರ‍್ಯಾಕ್ ಮಾಡಬೇಕೇ ಹೊರತು, ರ‍್ಯಾಕ್ ಮಾಡಿ ಆಮೇಲೆ ಕ್ರೇಟ್ ಹುಡುಕಬಾರದು.

ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ ಮತ್ತು ಒಟ್ಟು ತೂಕ ಎರಡೂ ಬರೆದಿರ್ತಾರೆ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿಯೋದೇ ನೀವು ಹೊರಬಹುದಾದ ಭಾರ. ಉದಾಹರಣೆಗೆ ಅದು 750 ಕೆಜಿ ಅಂತ ಇಟ್ಟುಕೊಳ್ಳೋಣ. ರ‍್ಯಾಕಿನ ಕಬ್ಬಿಣ, ಖಾಲಿ ಕ್ರೇಟು, ತಕ್ಕಡಿ, ಜೊತೆಗೆ ಬರೋ ಹುಡುಗ, ಎಲ್ಲಾ ಈ 750ರೊಳಗೇ ಬರಬೇಕು.

ಯಾವ ಸಾಮಾನು?

ಕಿರಾಣಿ ಅಂಗಡಿ ರ‍್ಯಾಕಿಗೆ ಬಳಸೋ ತೂತಿನ ಆಂಗಲ್ ಇದಕ್ಕೆ ಸಾಕು. 40 ಎಂ.ಎಂ. ಅಗಲ, 2 ಎಂ.ಎಂ. ದಪ್ಪದ್ದು ಕೇಳ್ರಿ, ಅದಕ್ಕಿಂತ ತೆಳು ಬೇಡ. ಮೀಟರ್‌ಗೆ ಸುಮಾರು 1.2 ಕೆಜಿ ತೂಗ್ತದೆ. ವೆಲ್ಡಿಂಗ್ ಬೇಕಿಲ್ಲ, ನಟ್ಟು ಬೋಲ್ಟಿನಲ್ಲೇ ಕೂಡ್ತದೆ. ತೊಗರಿ ಸುಗ್ಗಿಗೆ ಚೀಲ ಹೊರಬೇಕಾದಾಗ ಎರಡು ಪಾನಾ ಹಿಡಿದು ಬಿಚ್ಚಿ ಮೂಲೆಗೆ ಇಡಬಹುದು. ವೆಲ್ಡ್ ಮಾಡಿಸಿದರೆ ಈ ಸೌಲಭ್ಯ ಇಲ್ಲ.

ಪ್ಲೈವುಡ್ ಹಲಗೆ ಬೇಡ. ಭಾರ, ನೀರು ಕುಡೀತದೆ, ಗಾಳಿ ತಡೀತದೆ. ತಗಡೂ ಬೇಡ, ಬಿಸಿಲಿಗೆ ಹೆಂಚಿನಂಗೆ ಕಾಯ್ತದೆ. ಕ್ರೇಟಿನ ಎರಡು ತುದಿ ಎರಡು ಆಂಗಲ್ ಮೇಲೆ ಕೂತರೆ ಸಾಕು, ನಡುವೆ ಏನೂ ಬೇಕಿಲ್ಲ.

ಕಟ್ಟೋ ರೀತಿ

ಡಾಲಾದ ಎಡಕ್ಕೊಂದು, ಬಲಕ್ಕೊಂದು ರ‍್ಯಾಕ್, ನಡುವೆ 20 ಸೆಂ.ಮೀ. ಗಾಳಿ ಸಂದು. ಒಂದೊಂದು ರ‍್ಯಾಕೂ ಮೂರು ಅಂತಸ್ತು, ಅಂತಸ್ತಿಗೆ ಐದು ಕ್ರೇಟು. ಎರಡೂ ಸೇರಿ 30 ಕ್ರೇಟು. ಅಂಗಡಿಯಲ್ಲಿ ಈ ಪಟ್ಟಿ ಕೊಟ್ಟು ಕತ್ತರಿಸಿಕೊಳ್ರಿ:

- ನಿಲ್ಲೋ ಕಂಬ: 110 ಸೆಂ.ಮೀ., 12 ತುಂಡು
- ಉದ್ದ ಪಟ್ಟಿ: 200 ಸೆಂ.ಮೀ., 8 ತುಂಡು
- ಅಡ್ಡ ಪಟ್ಟಿ: 63 ಸೆಂ.ಮೀ., 12 ತುಂಡು
- ಎರಡೂ ರ‍್ಯಾಕ್ ಮೇಲೆ ಕೂಡಿಸೋ ಪಟ್ಟಿ: 146 ಸೆಂ.ಮೀ., 3 ತುಂಡು
- ಓರೆ ಪಟ್ಟಿ (ಚಪ್ಪಟೆ ಕಬ್ಬಿಣ): 150 ಸೆಂ.ಮೀ., 5 ತುಂಡು
- ಮೂಲೆ ಪ್ಲೇಟು, ಸ್ಪ್ರಿಂಗ್ ವಾಷರ್, ನೈಲಾಕ್ ನಟ್ಟು

ಕಬ್ಬಿಣ ಎಲ್ಲಾ ಸೇರಿ ಸುಮಾರು 55 ಕೆಜಿ ಆಗ್ತದೆ. ಕೆಜಿಗೆ 90 ರೂ. ಅಂತ ಹಿಡಿದರೆ 4,950 ರೂ. ನಿಮ್ಮೂರಿನ ಅವತ್ತಿನ ರೇಟು ಕೇಳಿ 55ರಿಂದ ಗುಣಿಸಿದರೆ ಲೆಕ್ಕ ಸಿಕ್ಕಿತು. ನಟ್ಟು ಬೋಲ್ಟು, ಶೇಡ್ ನೆಟ್, ಬೆಲ್ಟಿನ ಖರ್ಚು ಬೇರೆ.

ಒಂದು ರ‍್ಯಾಕಿಗೆ ಆರು ಕಂಬ: ಒಳಸಾಲಿಗೆ ಮೂರು, ಹೊರಸಾಲಿಗೆ ಮೂರು. ಎರಡೂ ಸಾಲಿನ ನಡುವೆ 55 ಸೆಂ.ಮೀ. ಖಾಲಿ ಬಿಡಬೇಕು. ಉದ್ದಕ್ಕೆ ಮೊದಲ ಕಂಬ ಆದ ಮೇಲೆ ಮೂರು ಕ್ರೇಟಿನ ಜಾಗ, ನಡುಕಂಬ, ಆಮೇಲೆ ಎರಡು ಕ್ರೇಟಿನ ಜಾಗ, ಕೊನೆ ಕಂಬ. ಹಿಂದೆ 20 ಸೆಂ.ಮೀ. ಉಳೀತದೆ, ಅಲ್ಲಿ ತಕ್ಕಡಿ, ನೀರಿನ ಕ್ಯಾನು ಇಡಬಹುದು.

ಕೆಳ ಅಂತಸ್ತಿಗೆ ಪಟ್ಟಿ ಬೇಡ, ಕ್ರೇಟು ಡಾಲಾದ ಮೇಲೇ ಕೂಡ್ತದೆ. ಎರಡನೇ ಅಂತಸ್ತಿನ ಪಟ್ಟಿ ಡಾಲಾದಿಂದ 36 ಸೆಂ.ಮೀ. ಎತ್ತರಕ್ಕೆ, ಮೂರನೇದು 72 ಸೆಂ.ಮೀ.ಗೆ. ಉದ್ದ ಪಟ್ಟಿಯ ಒಂದು ಮಗ್ಗುಲು ಒಳಗಡೆ ಮಲಗಿರಬೇಕು, ಇನ್ನೊಂದು ಮಗ್ಗುಲು ಮೇಲಕ್ಕೆ ನಿಂತಿರಬೇಕು. ಹೀಗೆ ನಿಂತ 4 ಸೆಂ.ಮೀ. ಅಂಚೇ ಕ್ರೇಟಿಗೆ ತಡೆಗೋಡೆ. ತಗ್ಗು ಬಂದು ಗಾಡಿ ಕುಲುಕಿದರೂ ಕ್ರೇಟು ಹೊರಗೆ ಜಾರಲ್ಲ. ತೆಗೆಯೋವಾಗ ಸ್ವಲ್ಪ ಎತ್ತಿ ಎಳೆದರಾಯ್ತು. ಅಡ್ಡ ಪಟ್ಟಿಗಳನ್ನ ಉದ್ದ ಪಟ್ಟಿಯ ಕೆಳಗೆ, ಕಂಬಕ್ಕೆ ಸರಿಯಾಗಿ ಕೂಡಿಸ್ರಿ.

ಮೇಲಿನ ಎರಡು ಅಂತಸ್ತಿನ ಕ್ರೇಟು ಬದಿಯಿಂದಲೇ ಎಳೆದು ತೆಗೀಬಹುದು. ಕೆಳ ಅಂತಸ್ತಿಗೆ ಬದಿಯ ಪಟ್ಟಿ ಅಡ್ಡ ಇರ್ತದೆ, ಹಿಂದಿನ ಬಾಗಿಲಿಂದ ತಳ್ಳಬೇಕು. ಅದಕ್ಕೇ ಕೊನೆಗೆ ಮಾರೋ ಮಾಲು ಕೆಳಗೆ ಇರಲಿ.

ಓರೆ ಪಟ್ಟಿ ಮರೀಬ್ಯಾಡ್ರಿ. ಒಳಸಾಲಿನಲ್ಲಿ ಒಂದೊಂದು ರ‍್ಯಾಕಿಗೆ ಎರಡು, ಕ್ಯಾಬಿನ್ ಕಡೆ ಅಡ್ಡಲಾಗಿ ಒಂದು. ಇದಿಲ್ಲದಿದ್ದರೆ ಬ್ರೇಕ್ ಹಾಕಿದಾಗ ಇಡೀ ರ‍್ಯಾಕು ಮುಂದಕ್ಕೆ ವಾಲ್ತದೆ.

ಗಾಡಿಗೆ ಬಿಗಿಯೋದು

ಚಾಸಿಗೆ ತೂತು ಕೊರೆಯೋದು ಬೇಡವೇ ಬೇಡ. ಡಾಲಾದ ಹಗ್ಗ ಕಟ್ಟೋ ಕೊಂಡಿ ಮತ್ತು ಕೆಳಗಿನ ಅಡ್ಡ ಪಟ್ಟಿಗೆ ಯು ಬೋಲ್ಟ್ ಹಾಕಿ ಬಿಗೀರಿ. ಕಂಬದ ಕೆಳಗೆ ಹಳೇ ಟೈರಿನ ತುಂಡು ಇಟ್ಟರೆ ಡಾಲಾ ಸವೆಯಲ್ಲ, ಸದ್ದೂ ಕಡಿಮೆ.

ನಮ್ಮದು ಕಪ್ಪು ಎರೆ ಭೂಮಿ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯೋ ಮಣ್ಣು, ಅದರ ಮೇಲಿನ ರಸ್ತೆಯೂ ಹಾಗೇ ಏರುತಗ್ಗು. ಸಾದಾ ನಟ್ಟು ಈ ಕುಲುಕಿಗೆ ತಾನಾಗೇ ಬಿಚ್ಕೋತದೆ. ನೈಲಾಕ್ ನಟ್ಟು ಹೇಳಿದ್ದು ಅದಕ್ಕೇ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ಗಾಡಿಯ ರಚನೆಯನ್ನೇ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆಯ ಕಲಂ 52ರಲ್ಲಿ ನಿರ್ಬಂಧ ಇದೆ. ಬಿಚ್ಚಿಡಬಹುದಾದ, ಡಾಲಾದ ಒಳಗೇ ಇರೋ, ಕ್ಯಾಬಿನ್‌ಗಿಂತ ಎತ್ತರ ಹೋಗದ ರ‍್ಯಾಕೇ ಒಳ್ಳೇದು. ಪೂರ್ತಿ ಮುಚ್ಚಿದ ಪೆಟ್ಟಿಗೆ ಕಟ್ಟಿಸೋ ವಿಚಾರ ಇದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳ್ರಿ.

ತೂಕದ ಲೆಕ್ಕ

ಈಗ 750ರ ಲೆಕ್ಕಕ್ಕೆ ಬರೋಣ. ರ‍್ಯಾಕ್ 55 ಕೆಜಿ, ಖಾಲಿ ಕ್ರೇಟು ತಲಾ 2 ಕೆಜಿಯಂತೆ 60 ಕೆಜಿ. ಉಳಿದದ್ದು 635. ಜೊತೆಗಾರ, ತಕ್ಕಡಿ, ನೀರು ಅಂತ 75 ತೆಗೆದರೆ 560 ಕೆಜಿ. ಅದನ್ನ 30 ಕ್ರೇಟಿಗೆ ಹಂಚಿದರೆ ಕ್ರೇಟಿಗೆ 18 ಕೆಜಿ ಚಿಲ್ಲರೆ. ಕ್ರೇಟಿನಲ್ಲಿ 25 ಕೆಜಿ ಹಿಡೀತದೆ ಅಂತ ಎಲ್ಲಾ ಕ್ರೇಟಿಗೂ 25 ತುಂಬಿದರೆ 750 ಕೆಜಿ ಬರೀ ತರಕಾರಿಯೇ ಆಯ್ತು, ಅಂದರೆ 190 ಕೆಜಿ ಓವರ್‌ಲೋಡು.

2019ರ ತಿದ್ದುಪಡಿ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂ. ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂ. ಹೆಚ್ಚಿನ ಮಾಲು ಇಳಿಸೋ ಖರ್ಚೂ ನಮ್ಮದೇ. ಮಾಲು ಡಾಲಾದ ಬದಿಯಿಂದ ಹೊರಗೆ ಚಾಚಿದರೂ 20,000 ದಂಡ ಇದೆ. ರ‍್ಯಾಕಿಗೆ ಹಾಕಿದ ದುಡ್ಡಿಗಿಂತ ಎಷ್ಟೋ ಪಟ್ಟು ಒಂದೇ ದಿನದಲ್ಲಿ ಹೋಗ್ತದೆ. ದಂಡ ಬಿಡ್ರಿ, ಭಾರ ಎತ್ತರದಲ್ಲಿದ್ದರೆ ತಿರುವಿನಲ್ಲಿ ಗಾಡಿ ಮಗುಚೋ ಅಪಾಯವೇ ದೊಡ್ಡದು.

ಯಾವುದು ಎಲ್ಲಿ ಇಡಬೇಕು?

1. ಕೆಳಗೆ: ಕುಂಬಳ, ಉಳ್ಳಾಗಡ್ಡಿ, ಎಲೆಕೋಸು. ಭಾರದ ಕ್ರೇಟು ಕ್ಯಾಬಿನ್ ಕಡೆಗೆ ಇರಲಿ.
2. ನಡುವೆ: ಬದನೆ, ಟೊಮೆಟೊ, ಹೀರೆ, ಸೌತೆ.
3. ಮೇಲೆ: ಮೆಂತ್ಯ, ಪುಂಡಿಪಲ್ಯ, ರಾಜಗಿರಿ, ಕೊತ್ತಂಬರಿ. ಹಗುರ, ಬೇಗ ಮಾರಾಟ ಆಗೋದು.

ಬಾಳೆ, ಪಪ್ಪಾಯಿ, ಟೊಮೆಟೊ ಹಣ್ಣಾಗೋವಾಗ ಎಥಿಲೀನ್ ಅನ್ನೋ ಅನಿಲ ಬಿಡ್ತಾವೆ. ಅದು ತಾಗಿದರೆ ಸೊಪ್ಪು, ಸೌತೆ ಬೇಗ ಹಳದಿಯಾಗ್ತಾವೆ. ಒಂದು ಗಂಟೆ ದಾರಿಗೆ ದೊಡ್ಡ ತೊಂದರೆ ಇಲ್ಲ. ಆದರೆ ರಾತ್ರಿನೇ ತುಂಬಿ ತಾಡಪಾಲು ಬಿಗಿದು ನಿಲ್ಲಿಸೋರು ಇವನ್ನ ಒಟ್ಟಿಗೆ ಇಡಬಾರದು. ಭೀಮಾ ದಂಡೆಯ ಬಾಳೆ ಬೆಳೆಗಾರರು ಇದನ್ನ ಗಮನಿಸ್ರಿ.

ಎರೆಗೊಬ್ಬರ, ಜೀವಾಮೃತದ ಕ್ಯಾನು, ಬೇವಿನೆಣ್ಣೆ ಯಾವುದನ್ನೂ ತರಕಾರಿ ಜೊತೆ ಸಾಗಿಸಬ್ಯಾಡ್ರಿ. ಸಾವಯವ ಅಂದ ಮಾತ್ರಕ್ಕೆ ಅದು ತಿನ್ನೋ ವಸ್ತು ಅಲ್ಲ.

ಬಿಸಿಲಿಗೆ ಏನು ಮಾಡಬೇಕು?

ಏಪ್ರಿಲ್, ಮೇ ತಿಂಗಳು ನಮ್ಮಲ್ಲಿ 42 ಡಿಗ್ರಿ ದಾಟ್ತದೆ. ತಾಡಪಾಲು ನೇರ ಕ್ರೇಟಿನ ಮೇಲೆ ಹೊದಿಸಿದರೆ ಒಳಗೆ ಮಾಲು ಬೇಯ್ತದೆ. ಅದರ ಬದಲು ಕಂಬದ ತುದಿಗೆ ಶೇಡ್ ನೆಟ್ ಎಳೆದು ಕಟ್ರಿ, ಕ್ರೇಟಿಗೂ ನೆಟ್ಟಿಗೂ ನಾಲ್ಕು ಬೆರಳು ಸಂದು ಇರಲಿ. ಸೊಪ್ಪಿನ ಕ್ರೇಟಿಗೆ ಒದ್ದೆ ಗೋಣಿ ಹೊದಿಸ್ರಿ. ಒಣ ಬಿಸಿಲಲ್ಲಿ ನೀರು ಆರೋವಾಗ ತಂಪು ಕೊಡ್ತದೆ. ಮಳೆಗಾಲದಲ್ಲಿ ಇದು ಬೇಡ, ಸೊಪ್ಪು ಕೊಳೀತದೆ. ಕೊಯ್ದ ಕೂಡಲೇ ತುಂಬದೆ ಒಂದು ಗಂಟೆ ನೆರಳಲ್ಲಿ ಹರವಿದರೆ ಹೊಲದ ಕಾವು ಇಳೀತದೆ.

ಮೊದಲ ವಾರ

ರ‍್ಯಾಕ್ ಕಟ್ಟಿದ ಮೇಲೆ ಅರ್ಧ ಭಾರ ಹಾಕಿ ನಿಮ್ಮೂರ ಕೆಟ್ಟ ರಸ್ತೆಯಲ್ಲೇ ಒಂದು ಸುತ್ತು ಹೊಡೀರಿ. ಬಂದ ಮೇಲೆ ಎಲ್ಲಾ ನಟ್ಟು ಮತ್ತೊಮ್ಮೆ ಬಿಗೀರಿ. ಪೂರ್ತಿ ಭಾರ ಹಾಕಿದ ದಿನ ದಾರಿಯಲ್ಲಿ ಸಿಗೋ ವೇಬ್ರಿಜ್‌ನಲ್ಲಿ ಒಮ್ಮೆ ತೂಗಿಸಿ, ಆರ್‌ಸಿ ಜೊತೆ ತಾಳೆ ನೋಡ್ರಿ. ಆಮೇಲೆ ವಾರಕ್ಕೊಮ್ಮೆ ಪಾನಾ ಹಿಡಿದು ಹತ್ತು ನಿಮಿಷ ಕೊಟ್ಟರೆ ಸಾಕು. ಕತ್ತರಿಸಿದ ತುದಿಗಳಿಗೆ ರೆಡ್ ಆಕ್ಸೈಡ್ ಬಳೀರಿ, ತರಕಾರಿ ನೀರಿಗೆ ತುಕ್ಕು ಅಲ್ಲಿಂದಲೇ ಶುರುವಾಗ್ತದೆ.

ಮೇಲಿನ ಪಟ್ಟಿಯನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ರಿ. ಬೊಲೆರೊ ಪಿಕಪ್ ಇರಲಿ, ಆಪೆ ಆಟೋ ಇರಲಿ, ಕ್ರಮ ಇದೇ: ಮೊದಲು ಕ್ರೇಟಿನ ಅಳತೆ, ಆಮೇಲೆ ಆರ್‌ಸಿ ತೂಕ, ಕೊನೆಗೆ ಕಬ್ಬಿಣ.